ದಾವೆಯ ರಾಜಿಯೂ ನ್ಯಾಯಾಲಯದ ಒಪ್ಪಿಗೆಯೂ

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯು ಸೂಳೆಕೆರೆಯ ನೆರೆಯಲ್ಲಿರುವ ಗ್ರಾಮ. ಶಾಂತಿಸಾಗರವೆಂದೂ ಹೆಸರಾದ ಆ ಕೆರೆಯು ಎರಡು ಗುಡ್ಡಗಳ ನಡುವಣ ಕಣಿವೆಗೆ ಏರಿ ಹಾಕಿ, ಹರಿದ್ರಾ ಹೊಳೆಯನ್ನು ತಡೆದು ಕಟ್ಟಿದ್ದಾಗಿದೆ. ಅದರ ಹೆಸರಿಗೆ ಕಾರಣವಾಗಿ ಆ ಸೀಮೆಯ ಜನರು ಒಂದಕ್ಕಿಂತ ಹೆಚ್ಚು ಕಥೆಗಳನ್ನು ಹೇಳುತ್ತಾರೆ. ತನ್ನ ಪಟ್ಟಣವು ನೀರಿನಲ್ಲಿ ಮುಳುಗಿದ್ದರಿಂದ ಕೋಪಗೊಂಡ ಅರಸನು ಕೆರೆ ಕಟ್ಟಿಸಿದ ಮಗಳನ್ನು ಹಳಿದನೆಂಬುದು ಒಂದು. ಕೆರೆಗೆ ಬೇಕಾದ ನೆಲವು ವೇಶ್ಯೆಯರ ವಶದಲ್ಲಿದ್ದು, ಕೆರೆಗೆ ತಮ್ಮ ಹೆಸರೇ ಇರಬೇಕೆಂಬ ಷರತ್ತಿನ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರೆಂಬುದು ಇನ್ನೊಂದು. ಈ ಎರಡನೆಯ ಕಥೆಯು ಇತಿಹಾಸವಲ್ಲದಿದ್ದರೂ ರಾಜಿಯೆಂಬುದರ ಎಲ್ಲ ಅಂಗಗಳೂ ಅದರಲ್ಲಿವೆ: ಒಬ್ಬರು ಕೊಡುವುದು, ಒಬ್ಬರು ಪಡೆಯುವುದು, ನಡುವೆ ಒಂದು ಷರತ್ತು. ಒಪ್ಪಿದವರ ಹೆಸರು ಕೆರೆಗೆ ಉಳಿಯಿತು. ಮುಳುಗಿದ ಊರಿನ ಉಳಿದ ಜನರನ್ನು ಯಾರಾದರೂ ಕೇಳಿದರೇ ಎಂಬುದನ್ನು ಮಾತ್ರ ಕಥೆಯು ಹೇಳುವುದಿಲ್ಲ.

ವಾದಿ ಪ್ರತಿವಾದಿಗಳು ತಮ್ಮ ವ್ಯಾಜ್ಯವನ್ನು ತಾವೇ ಬಗೆಹರಿಸಿಕೊಂಡು ಬಂದರೆ ನ್ಯಾಯಾಧೀಶನಿಗೆ ಉಳಿಯುವ ಕೆಲಸವೇನು? ಇಬ್ಬರು ಒಪ್ಪಿದ ಮಾತಿಗೆ ಮೂರನೆಯವನ ಒಪ್ಪಿಗೆ ಏತಕ್ಕೆ? ರಾಜಿಯ ಚರಿತ್ರೆಯನ್ನು ಮೊದಲಿನಿಂದ ನೋಡಿದರೆ, ಆ ಒಪ್ಪಿಗೆಯು ಎದುರಿಗೆ ನಿಂತು ರುಜು ಹಾಕುವವರಿಗಾಗಿ ಹುಟ್ಟಿದುದಕ್ಕಿಂತ ಹೆಚ್ಚಾಗಿ, ಎದುರಿಗೆ ಇಲ್ಲದವರಿಗಾಗಿಯೂ ಇದ್ದೂ ಬಾಯಿಲ್ಲದವರಿಗಾಗಿಯೂ ಬೆಳೆದುದೆಂಬುದು ತಿಳಿದುಬರುತ್ತದೆ.

ಈ ವಿಚಾರದ ಅತಿ ಮುಖ್ಯವಾದ ಪ್ರಾಚೀನ ಗ್ರಂಥಗಳಲ್ಲೊಂದು ಕನ್ನಡ ನಾಡಿನಲ್ಲಿಯೇ ಹುಟ್ಟಿತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು (೧೦೭೬–೧೧೨೬) ಕಲ್ಯಾಣದಲ್ಲಿ ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ವ್ಯವಹಾರವನ್ನು ತೀರಿಸತಕ್ಕ ಸಭೆಗಳನ್ನು ಸ್ಮೃತಿಯು ಮೇಲಿನಿಂದ ಕೆಳಕ್ಕೆ ಎಣಿಸುತ್ತದೆ: ಅರಸನು ನೇಮಿಸಿದವರು, ಪೂಗ, ಶ್ರೇಣಿ, ಕುಲ. ಊರಿನಲ್ಲಿ ಕೂಡಿ ವಾಸಿಸುವ ನಾನಾ ಜಾತಿ ವೃತ್ತಿಗಳವರ ಸಭೆಯೇ ಪೂಗ, ಒಂದೇ ಕಸುಬಿನಿಂದ ಜೀವಿಸುವವರದು ಶ್ರೇಣಿ, ಬಂಧುಗಳದು ಕುಲ. ಕೆಳಗಿನ ಸಭೆಯಲ್ಲಿ ತೀರಿದುದನ್ನು ಮೇಲಿನ ಸಭೆಯ ಮುಂದೆ ಒಯ್ಯಬಹುದಾಗಿತ್ತು. ಇದಾದ ಕೂಡಲೆ ಸ್ಮೃತಿಯು, ಬಲಾತ್ಕಾರದಿಂದಲೂ ಮೋಸದಿಂದಲೂ ಆದ ವ್ಯವಹಾರಗಳನ್ನು ಅರಸನು ಹಿಂದಿರುಗಿಸಬೇಕೆಂದು ವಿಧಿಸುತ್ತದೆ. ರಾತ್ರಿಯಲ್ಲಿ ನಡೆದುದು, ಮನೆಯೊಳಗೆ ಮುಚ್ಚಿ ನಡೆದುದು, ಊರ ಹೊರಗೆ ನಡೆದುದು, ಇವೂ ಆ ಸಾಲಿಗೆ ಸೇರಿವೆ. ಮತ್ತನು, ಉನ್ಮತ್ತನು, ರೋಗಪೀಡಿತನು, ಬಾಲಕನು, ಭಯಗೊಂಡವನು ಮಾಡಿದುದೂ, ವಿಷಯಕ್ಕೆ ಸಂಬಂಧವೇ ಇಲ್ಲದವನು ಇನ್ನೊಬ್ಬರ ಪರವಾಗಿ ಮಾಡಿದುದೂ ಸಿದ್ಧಿಸುವುದಿಲ್ಲ. ಇಂದಿನ ನ್ಯಾಯಾಲಯವು ರಾಜಿಯನ್ನು ಪರೀಕ್ಷಿಸುವಾಗ ಕೇಳುವ ಪ್ರಶ್ನೆಗಳಲ್ಲಿ ಬಹುಭಾಗವು ಈ ಪಟ್ಟಿಯಲ್ಲಿಯೇ ಇದೆ. ಸ್ತ್ರೀಯರು ಮಾಡಿದ ವ್ಯವಹಾರವನ್ನೂ ಅದೇ ಪಟ್ಟಿಗೆ ಸೇರಿಸಿದುದು ಮಾತ್ರ ಆ ಕಾಲದ ಮಿತಿ.

ಮೈಸೂರು ಸೀಮೆಯಲ್ಲಿ ೧೭೯೯ರ ಬಳಿಕ ದಿವಾನ ಪೂರ್ಣಯ್ಯನವರ ಆಡಳಿತದಲ್ಲಿ ದಿವಾಣಿ ವ್ಯಾಜ್ಯಗಳು ಬಹುಮಟ್ಟಿಗೆ ಪಂಚಾಯಿತಿಯಿಂದಲೇ ತೀರುತ್ತಿದ್ದುವು. ಪಂಚಾಯಿತಿಯು ಬಹಿರಂಗವಾಗಿ ಸೇರುತ್ತಿದ್ದುದು ಒಂದು ದೊಡ್ಡ ರಕ್ಷಣೆಯಾಗಿತ್ತು. ಆದರೆ ತಾಲ್ಲೂಕಿನಲ್ಲಿ ಅದರ ಮೇಲಿನ ಅಧಿಕಾರಿಯಾದ ಅಮಲ್ದಾರನೇ ಕಂದಾಯ ವಸೂಲು ಮಾಡುವವನೂ ಆಗಿದ್ದನು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಇಷ್ಟು ಹಣ ತರುವೆನೆಂದು ಅಮಲ್ದಾರನಿಂದ ಮುಚ್ಚಳಿಕೆ ಬರೆಸಿಕೊಳ್ಳುವ ಶರತ್ತು ಪದ್ಧತಿಯು ಬಂದ ಮೇಲೆ, ಅಂಥವನ ಮುಂದೆ ರೈತನು ಒಪ್ಪಿದೆನೆಂದು ಹೇಳಿದ ಮಾತಿಗೆ ಎಷ್ಟು ಬೆಲೆಯಿದ್ದೀತೆಂಬುದನ್ನು ವಾಚಕರೇ ಊಹಿಸಬಹುದು. ನಗರ ಸೀಮೆಯ ರೈತರು ೧೮೩೦–೩೧ರಲ್ಲಿ ಕೂಟ ಕಟ್ಟಿ ದಂಗೆಯೆದ್ದುದಕ್ಕೆ ಇಂಥ ಆಡಳಿತದ ಹಿಂಸೆಯು ಒಂದು ಕಾರಣ. ೧೮೩೧ರಲ್ಲಿ ರಾಜ್ಯಭಾರವು ಬ್ರಿಟಿಷ್ ಕಮಿಷನರರ ಕೈಗೆ ಹೋಯಿತು. ೧೮೫೬ರಲ್ಲಿ ಜ್ಯುಡಿಷಿಯಲ್ ಕಮಿಷನರರ ನೇಮಕವಾಯಿತು. ಅರಸು ಮನೆತನಕ್ಕೆ ರಾಜ್ಯವು ಮರಳಿದ ಮೇಲೆ ೧೮೮೪ರಲ್ಲಿ ಚೀಫ್ ಕೋರ್ಟು ಸ್ಥಾಪಿತವಾಗಿ, ಅದು ೧೯೩೦ರಲ್ಲಿ ಹೈಕೋರ್ಟಾಯಿತು. ಕಂದಾಯವನ್ನು ಎಣಿಸುವ ಕೈಯೂ ನ್ಯಾಯವನ್ನು ತೂಗುವ ಕೈಯೂ ಹೀಗೆ ಕ್ರಮಕ್ರಮವಾಗಿ ಬೇರೆಯಾದುವು.

ಆ ಕಾಲದ ಕಚೇರಿಯ ಭಾಷೆಯಿಂದ ಕನ್ನಡಕ್ಕೆ ಬಂದ ಪದ ‘ರಾಜೀನಾಮೆ’. ತೃಪ್ತನಾದೆನು, ಒಪ್ಪಿದೆನು ಎಂದು ಬರೆದುಕೊಡುವ ಪತ್ರವೆಂದು ಅದರ ಮೂಲಾರ್ಥ. ವ್ಯಾಜ್ಯ ತೀರಿತೆಂದು ವಾದಿಯು ಬರೆದುಕೊಡುತ್ತಿದ್ದುದೂ ರಾಜೀನಾಮೆಯೇ, ರೈತನು ತನ್ನ ಹಿಡುವಳಿಯನ್ನು ಬಿಟ್ಟುಕೊಡುವಾಗ ಬರೆದುಕೊಡುತ್ತಿದ್ದುದೂ ರಾಜೀನಾಮೆಯೇ. ಇಂದು ಆ ಮಾತಿಗೆ ಉದ್ಯೋಗ ಬಿಡುವುದೆಂಬ ಅರ್ಥವೊಂದೇ ಬಳಕೆಯಲ್ಲಿ ಉಳಿದು, ವ್ಯಾಜ್ಯದ ಅರ್ಥವು ‘ರಾಜಿ’ ಎಂಬ ಅದರ ಮೊದಲರ್ಧಕ್ಕೆ ಸೇರಿದೆ. ಒಪ್ಪುವುದಕ್ಕೂ ಬಿಟ್ಟುಕೊಡುವುದಕ್ಕೂ ಒಂದೇ ಪದವಿದ್ದುದು ಅರ್ಥಗರ್ಭಿತವಾದುದು. ಬಡವನ ಒಪ್ಪಿಗೆಯು ಅನೇಕ ವೇಳೆ ಅವನ ತ್ಯಾಗವೇ ಆಗಿರುತ್ತದೆ.

ಬ್ರಿಟಿಷ್ ಇಂಡಿಯಾದ ೧೮೫೯ರ ಸಿವಿಲ್ ಪ್ರೊಸೀಜರ್ ಕೋಡಿನ ೯೮ನೆಯ ಕಲಮು, ಪಕ್ಷಗಾರರ ಪರಸ್ಪರ ಒಪ್ಪಂದದಿಂದ ದಾವೆ ತೀರಿದರೆ ಅದನ್ನು ದಾಖಲು ಮಾಡಿ ಅದರಂತೆ ವ್ಯಾಜ್ಯವನ್ನು ಮುಗಿಸಬೇಕೆಂದಿತು. ೧೮೮೨ರ ಕೋಡಿನ ೩೭೫ನೆಯ ಕಲಮಿನಲ್ಲಿ, ಒಪ್ಪಂದವು ಕಾನೂನಿಗೆ ಸಮ್ಮತವಾದುದಾಗಿರಬೇಕೆಂಬ ಮಾತು ಕಾಣುತ್ತದೆ. ೧೯೦೮ರ ಕೋಡಿನ ೨೩ನೆಯ ಆರ್ಡರಿನ ೩ನೆಯ ನಿಯಮವು, ಅಂಥ ಒಪ್ಪಂದವಾಗಿದೆಯೆಂಬುದು ನ್ಯಾಯಾಲಯಕ್ಕೆ ಮನದಟ್ಟಾಗುವಂತೆ ರುಜುವಾತಾಗಬೇಕೆಂದು ವಿಧಿಸಿತು. ಈ ಕೋಡು ೧೯೫೧ರಲ್ಲಿ ಮೈಸೂರು ರಾಜ್ಯಕ್ಕೆ ನೇರವಾಗಿ ಅನ್ವಯವಾಯಿತು. ಮೊದಲು ಬರೆದಿಡುವವನು, ಬಳಿಕ ಕಾನೂನನ್ನು ನೋಡುವವನು, ಕಡೆಗೆ ಮನದಟ್ಟು ಮಾಡಿಕೊಳ್ಳುವವನು: ನ್ಯಾಯಾಧೀಶನ ಪಾತ್ರವು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿತು.

ಎದುರಿಗಿದ್ದೂ ಬಾಯಿಲ್ಲದವರಲ್ಲಿ ಮೊದಲನೆಯವನು ಅಪ್ರಾಪ್ತವಯಸ್ಕನು. ಮಿತಾಕ್ಷರದ ಮತದಲ್ಲಿ ಪಿತ್ರಾರ್ಜಿತದ ಹಕ್ಕು ಮಗನಿಗೆ ಹುಟ್ಟಿನಿಂದಲೇ ಬರುವುದರಿಂದ, ತಂದೆಯೂ ಚಿಕ್ಕಪ್ಪನೂ ಪಾಲಿಗಾಗಿ ವ್ಯಾಜ್ಯವಾಡುವಾಗ ತೊಟ್ಟಿಲಿನ ಕೂಸೂ ಪಕ್ಷಗಾರನಾಗುವ ಸಂಭವವುಂಟು. ೩೨ನೆಯ ಆರ್ಡರಿನ ೭ನೆಯ ನಿಯಮದ ಪ್ರಕಾರ, ಅವನ ಪರವಾಗಿ ದಾವೆ ನಡೆಸುವವನು ನ್ಯಾಯಾಲಯದ ಅನುಮತಿಯಿಲ್ಲದೆ ರಾಜಿ ಮಾಡಿಕೊಳ್ಳಕೂಡದು. ಆ ಅನುಮತಿಯು ನಡಾವಳಿಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ತಪ್ಪಿದರೆ ಆ ರಾಜಿಯನ್ನು ಹುಡುಗನು ತಳ್ಳಿಹಾಕಬಹುದು, ಉಳಿದವರು ತಳ್ಳಿಹಾಕುವಂತಿಲ್ಲ. ಹಿಂದೂ ಮುಸಲ್ಮಾನ ಮನೆತನಗಳು ಕೂಡಿ ಬಾಳುವ ಕೆರೆಬಿಳಚಿಯಂಥ ಊರಿನಲ್ಲಿ ಈ ನಿಯಮದ ವ್ಯಾಪ್ತಿಯು ಚೆನ್ನಾಗಿ ತಿಳಿಯುತ್ತದೆ. ಮುಸಲ್ಮಾನ ಧರ್ಮಶಾಸ್ತ್ರದಲ್ಲಿ ಹುಟ್ಟಿನಿಂದ ಬರುವ ಪಾಲಿಲ್ಲ. ಅಲ್ಲದೆ ತಂದೆಯಿಲ್ಲದ ಮಗುವಿನ ಸ್ಥಿರಾಸ್ತಿಯನ್ನು ತಾಯಿಯು ಬರಿಯ ಪೋಷಕಳೆಂಬ ಕಾರಣದಿಂದ ಪರಾಧೀನ ಮಾಡಲಾರಳೆಂದು ಪ್ರಿವಿ ಕೌನ್ಸಿಲು ೧೯೧೮ರಲ್ಲಿ ನಿರ್ಣಯಿಸಿತು. ಧರ್ಮಶಾಸ್ತ್ರಗಳು ಬೇರೆಯಾದರೂ, ದಾವೆಯಲ್ಲಿ ಮಗುವಿನ ಪಾಲನ್ನು ಬಿಟ್ಟುಕೊಡುವವರು ಯಾರೇ ಆಗಲಿ, ನ್ಯಾಯಾಧೀಶನ ಮುಂದೆ ಕಾರಣ ಹೇಳಬೇಕೆಂಬುದು ಎಲ್ಲರಿಗೂ ಒಂದೇ.

ಎರಡನೆಯವರು ಹೆಸರಿಲ್ಲದ ಬಹುಜನರು. ಕೆರೆಯ ನೀರು, ಗೋಮಾಳ, ಸ್ಮಶಾನ, ದೇವಸ್ಥಾನ ಮುಂತಾದವುಗಳ ವ್ಯಾಜ್ಯದಲ್ಲಿ ಊರಿನ ಪರವಾಗಿ ಕೆಲವರು ನಿಂತು ದಾವೆ ಹೂಡುವುದುಂಟು. ಆ ಕೆಲವರನ್ನು ಒಲಿಸಿಕೊಂಡರೆ ಊರಿನ ಹಕ್ಕೇ ಕೈಬಿಡುವ ಭಯವಿದೆ. ೧೯೭೬ರ ತಿದ್ದುಪಡಿಯು ಸೇರಿಸಿದ ೩-ಬಿ ನಿಯಮವು, ಇಂಥ ಪ್ರಾತಿನಿಧಿಕ ದಾವೆಯಲ್ಲಿ ನ್ಯಾಯಾಲಯದ ಅನುಮತಿಯಿಲ್ಲದ ರಾಜಿಯು ಶೂನ್ಯವೆಂದೂ, ಅನುಮತಿಗೆ ಮೊದಲು ಹಿತಾಸಕ್ತಿಯುಳ್ಳವರಿಗೆ ನೋಟೀಸು ಹೋಗಬೇಕೆಂದೂ ವಿಧಿಸಿತು.

ಈ ತತ್ತ್ವದ ಕಠಿಣ ಪರೀಕ್ಷೆಯು ಭೋಪಾಲದ ಪ್ರಕರಣದಲ್ಲಿ ನಡೆಯಿತು. ೧೯೮೪ರ ವಿಷಾನಿಲ ದುರಂತದ ದಾವೆಯಲ್ಲಿ ಭಾರತ ಸರ್ಕಾರವು ಸಂತ್ರಸ್ತರೆಲ್ಲರ ಪರವಾಗಿ ನಿಂತಿತ್ತು. ೧೯೮೯ರ ಫೆಬ್ರವರಿಯಲ್ಲಿ ೪೭ ಕೋಟಿ ಡಾಲರುಗಳಿಗೆ ಆದ ರಾಜಿಗೆ ಸರ್ವೋಚ್ಚ ನ್ಯಾಯಾಲಯವು ಒಪ್ಪಿಗೆಯಿತ್ತಿತು. ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ಅಲ್ಲಿಗೆ ಹೋದ ಇ. ಎಸ್. ವೆಂಕಟರಾಮಯ್ಯನವರೂ ಎಂ. ಎನ್. ವೆಂಕಟಾಚಲಯ್ಯನವರೂ ಆ ಪೀಠದಲ್ಲಿದ್ದರು. ಸಂತ್ರಸ್ತರ ಮಾತನ್ನು ಕೇಳಲಿಲ್ಲವೆಂಬ ಆಕ್ಷೇಪವು ಎದ್ದು, ಪುನರ್ವಿಮರ್ಶೆ ನಡೆಯಿತು. ನೋಟೀಸು ಕೊಡದ ಮಾತ್ರಕ್ಕೆ ರಾಜಿಯು ಶೂನ್ಯವಾಯಿತೆಂಬ ವಾದವನ್ನು ೧೯೯೧ರ ಅಕ್ಟೋಬರಿನ ತೀರ್ಪು ಒಪ್ಪಲಿಲ್ಲ, ಹಣದ ರಾಜಿಯು ಉಳಿಯಿತು. ಆದರೆ ಕ್ರಿಮಿನಲ್ ಮೊಕದ್ದಮೆಗಳನ್ನು ಕೈಬಿಟ್ಟುದನ್ನು ನ್ಯಾಯಾಲಯವು ರದ್ದುಪಡಿಸಿತು; ಹಣ ಸಾಲದೆ ಬಂದರೆ ಸರ್ಕಾರವೇ ತುಂಬಬೇಕೆಂದೂ ಹೇಳಿತು. ಅತ್ಯುನ್ನತ ಪೀಠದ ಒಪ್ಪಿಗೆಯೂ ಮತ್ತೆ ನೋಡಬೇಕಾದುದಾಯಿತೆಂಬುದು ಇಲ್ಲಿ ಗಮನಿಸತಕ್ಕ ಅಂಶ.

೧೯೭೬ರ ಅದೇ ತಿದ್ದುಪಡಿಯು ೧೯೭೭ರ ಫೆಬ್ರವರಿ ೧ರಿಂದ ಜಾರಿಗೆ ಬಂದು, ರಾಜಿಯು ಬರಹದಲ್ಲಿದ್ದು ಪಕ್ಷಗಾರರ ರುಜುವನ್ನು ಹೊಂದಿರಬೇಕೆಂದು ಮಾಡಿತು. ರಾಜಿ ಡಿಕ್ರಿಯ ಮೇಲೆ ಸಾಮಾನ್ಯವಾಗಿ ಅಪೀಲಿಲ್ಲ. ರಾಜಿಯು ಕಾನೂನುಬದ್ಧವಲ್ಲವೆಂಬ ಕಾರಣದಿಂದ ಬೇರೆ ದಾವೆ ಹೂಡುವುದನ್ನೂ ೩-ಎ ನಿಯಮವು ತಡೆಯಿತು. ಹೀಗೆ ಬೇರೆ ಬಾಗಿಲುಗಳು ಮುಚ್ಚಿದುದರಿಂದ, ರಾಜಿಯನ್ನು ದಾಖಲು ಮಾಡುವ ಆ ಒಂದು ಗಳಿಗೆಯ ಹೊಣೆಯು ಹೆಚ್ಚಿತು. ತನ್ನ ವಕೀಲನೇ ಎದುರಾಳಿಯೊಡನೆ ಸೇರಿ ರಾಜಿಪತ್ರ ಸಲ್ಲಿಸಿದನೆಂದು ವಾದಿಯೊಬ್ಬನು ದೂರಿದ ಮೊಕದ್ದಮೆಯಲ್ಲಿ, ೧೯೯೨ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ನ್ಯಾಯಾಧೀಶನು ಯಾಂತ್ರಿಕವಾಗಿ ರಾಜಿಯನ್ನು ಬರೆದುಕೊಳ್ಳದೆ ಬುದ್ಧಿಯನ್ನು ಓಡಿಸಬೇಕೆಂದೂ, ದಾಖಲು ಮಾಡಿದ ನ್ಯಾಯಾಲಯವೇ ಅದರ ಸಾಧುತ್ವವನ್ನು ಪರೀಕ್ಷಿಸಬಹುದೆಂದೂ ಸ್ಪಷ್ಟಪಡಿಸಿತು.

ಈ ಗಳಿಗೆಯಲ್ಲಿ ಅತಿ ಹೆಚ್ಚು ಕಳೆದುಕೊಳ್ಳತಕ್ಕವರು ಹೆಣ್ಣುಮಕ್ಕಳು. ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿ ವಿಭಾಗದಲ್ಲಿ ಕೆಲವು ಸ್ತ್ರೀಯರಿಗೆ ಪಾಲಿತ್ತಿತು. ಕರ್ನಾಟಕದ ತಿದ್ದುಪಡಿಯು ೧೯೯೪ರ ಜುಲೈ ೩೦ರಿಂದ ಅವಿವಾಹಿತ ಪುತ್ರಿಯರನ್ನು ಸಹಭಾಗಿಗಳನ್ನಾಗಿ ಮಾಡಿತು. ೨೦೦೫ರ ಸೆಪ್ಟೆಂಬರ್ ೯ರಿಂದ ಕೇಂದ್ರದ ಶಾಸನವು ವಿವಾಹಿತರನ್ನೂ ಸೇರಿಸಿತು. ಆ ಶಾಸನವು ೨೦೦೪ರ ಡಿಸೆಂಬರ್ ೨೦ಕ್ಕೆ ಮೊದಲು ನೋಂದಾಯಿತ ಪತ್ರದಿಂದಾಗಲಿ ನ್ಯಾಯಾಲಯದ ಡಿಕ್ರಿಯಿಂದಾಗಲಿ ಆದ ವಿಭಾಗವನ್ನು ಮುಟ್ಟುವುದಿಲ್ಲ. ಆದಕಾರಣ ಅಣ್ಣತಮ್ಮಂದಿರು ಆ ದಿನಕ್ಕೆ ಮೊದಲು ಪಡೆದ ಒಂದು ರಾಜಿ ಡಿಕ್ರಿಯು ಅಕ್ಕತಂಗಿಯರ ಬಾಳಿನ ಪಾಲನ್ನೇ ತಡೆದು ನಿಲ್ಲಿಸಬಲ್ಲುದು. ೨೦೨೦ರ ಆಗಸ್ಟ್ ೧೧ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಪುತ್ರಿಯ ಹಕ್ಕೂ ಹುಟ್ಟಿನಿಂದಲೇ ಬಂದುದೆಂದು ಹೇಳಿ, ಬಾಯಿಮಾತಿನ ವಿಭಾಗವನ್ನು ಸುಲಭವಾಗಿ ನಂಬಬಾರದೆಂದು ಎಚ್ಚರಿಸಿತು. ಸ್ಮೃತಿಯು ಯಾರ ಮಾತನ್ನು ವ್ಯವಹಾರದಿಂದ ಹೊರಗಿಟ್ಟಿತ್ತೋ ಅವರ ರುಜುವಿಲ್ಲದ ವಿಭಾಗದ ರಾಜಿಯನ್ನು ಇಂದು ಸಂದೇಹದಿಂದ ನೋಡಬೇಕಾಗಿದೆ.

ಇತ್ತೀಚಿನ ದಶಕಗಳಲ್ಲಿ ರಾಜಿಗೆ ಪ್ರೋತ್ಸಾಹವು ಬಹಳವಾಗಿದೆ. ೧೯೮೭ರ ಕಾನೂನು ಸೇವೆಗಳ ಶಾಸನವು ೧೯೯೫ರ ನವೆಂಬರ್ ೯ರಂದು ಜಾರಿಗೆ ಬಂದು ಲೋಕ ಅದಾಲತ್ತಿನ ತೀರ್ಮಾನಕ್ಕೆ ಡಿಕ್ರಿಯ ಬಲವನ್ನು ಕೊಟ್ಟಿತು. ಅಲ್ಲಿ ದಾವೆ ತೀರಿದರೆ ಕೋರ್ಟು ಫೀಜು ಹಿಂದಕ್ಕೆ ಬರುತ್ತದೆ. ೨೦೦೨ರ ಜುಲೈ ೧ರಿಂದ ಕೋಡಿನ ೮೯ನೆಯ ಕಲಮು ಮಧ್ಯಸ್ತಿಕೆಯ ದಾರಿಯನ್ನು ತೆರೆಯಿತು, ೨೦೦೭ರಲ್ಲಿ ಬೆಂಗಳೂರಿನಲ್ಲಿ ಮಧ್ಯಸ್ತಿಕೆ ಕೇಂದ್ರವು ಆರಂಭವಾಯಿತು. ವರ್ಷಾನುಗಟ್ಟಲೆ ಚನ್ನಗಿರಿಯ ನ್ಯಾಯಾಲಯಕ್ಕೆ ಅಲೆಯುವ ರೈತನಿಗೆ ಇದರಿಂದ ಆಗುವ ಉಪಕಾರವು ಅಲ್ಪವಲ್ಲ. ಗೆದ್ದವ ಸೋತ, ಸೋತವ ಸತ್ತ ಎಂಬ ನಾಡಿನ ಗಾದೆಯು ಅನುಭವದಿಂದ ಹುಟ್ಟಿದ್ದು.

ಆದರೆ ಒಂದೇ ದಿನದಲ್ಲಿ ನೂರಾರು ವ್ಯಾಜ್ಯಗಳು ತೀರುವ ಸಭೆಯಲ್ಲಿ, ಪ್ರತಿಯೊಂದು ರುಜುವಿನ ಹಿಂದಿನ ಮನಸ್ಸನ್ನು ನೋಡುವುದು ಕಷ್ಟ. ಪೂಗದಿಂದ ಪಂಚಾಯಿತಿಗೆ, ಪಂಚಾಯಿತಿಯಿಂದ ಕೋರ್ಟಿಗೆ, ಕೋರ್ಟಿನಿಂದ ಅದಾಲತ್ತಿಗೆ ಬಂದ ಈ ಚರಿತ್ರೆಯಲ್ಲಿ ಸಭೆಗಳ ಹೆಸರು ಬದಲಾಗುತ್ತ ಬಂದಿದೆ. ಪರೀಕ್ಷೆಯ ವಿಷಯವು ಬದಲಾಗಿಲ್ಲ. ಒಪ್ಪಿದವನು ತಿಳಿದು ಒಪ್ಪಿದನೇ, ಹೆದರದೆ ಒಪ್ಪಿದನೇ, ಒಪ್ಪಲು ಅವನಿಗೆ ಅಧಿಕಾರವಿತ್ತೇ, ಇಲ್ಲಿ ಬಾರದವರ ಪಾಲು ಇದರಲ್ಲಿ ಹೋಗುತ್ತಿದೆಯೇ? ಈ ನಾಲ್ಕನ್ನು ಕೇಳಿ ಉತ್ತರ ಪಡೆದ ಮೇಲೆ ಬೀಳುವ ಮುದ್ರೆಯಿಂದ ರಾಜಿಯು ನ್ಯಾಯವಾಗುತ್ತದೆ. ಕೇಳದೆ ಬಿದ್ದ ಮುದ್ರೆಯಿಂದ ವ್ಯಾಜ್ಯದ ಕಡತವು ಮುಚ್ಚಬಹುದು, ವ್ಯಾಜ್ಯವು ಮುಂದಿನ ತಲೆಮಾರಿಗೆ ಉಳಿಯುತ್ತದೆ.