ಗಂಟು ಬಲಿಯುವ ಮುನ್ನ

ಪಿಂಪ್ರಿಯೆಂದರೆ ಔಷಧಿಯ ಊರೆಂದು ಒಂದು ಕಾಲಕ್ಕೆ ದೇಶವೆಲ್ಲ ಅರಿತಿದ್ದಿತು. 1954ರಲ್ಲಿ ಇಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರಖಾನೆಯು ಸ್ಥಾಪಿತವಾಗಿ, ಮರುವರ್ಷವೆ ಪೆನಿಸಿಲಿನ್ ತಯಾರಾಗತೊಡಗಿತು. ಅದರ ಸಂಶೋಧನ ವಿಭಾಗದಲ್ಲಿ ಮೈಸೂರು ಸೀಮೆಯ ವಿಜ್ಞಾನಿ ಎಂ. ಜೆ. ತಿರುಮಲಾಚಾರ್ ಅವರು ದುಡಿದು ಹೆಸರು ಗಳಿಸಿದರು. ಇಂಥ ಊರಿಗೆ ಅನ್ನವನ್ನರಸಿ ಬಂದು ನೆಲೆಸಿದ ಕನ್ನಡ ಕುಟುಂಬಗಳು ನಾವು. ಔಷಧಿಯ ಬೆಲೆಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಔಷಧಿಗಿಂತಲೂ ಮೊದಲು ಆಗಬೇಕಾದ ಕೆಲಸವೊಂದುಂಟು. ಅದು ರೋಗವನ್ನು ಹೊತ್ತಿಗೆ ಸರಿಯಾಗಿ ಕಾಣುವುದು. ಸ್ತನದ ಕ್ಯಾನ್ಸರಿನ ಮಟ್ಟಿಗೆ ಈ ಮಾತು ಎಷ್ಟು ನಿಜವೆಂಬುದನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ನೆರೆಯಲ್ಲಿ ವಿಜಯಪುರದ ಕಡೆಯ ತಾಯಿಯೊಬ್ಬರಿದ್ದರು. ಯುಗಾದಿಯ ಅಭ್ಯಂಜನದ ದಿನ ಅವರ ಕೈಗೆ ಎದೆಯಲ್ಲೊಂದು ಸಣ್ಣ ಗಂಟು ತಾಗಿತು. ನೋವಿರಲಿಲ್ಲ, ನೋವಿಲ್ಲದುದು ರೋಗವೇ ಎಂದುಕೊಂಡರು. ಕೆಲವು ದಿನ ಕಳೆದು ದವಾಖಾನೆಗೇನೊ ಹೋದರು. ಆದರೆ ಮರಾಠಿ ಬಾರದ ಅವರಿಗೆ ಮಾತಿನ ಆಸರೆಯಾಗಿ ಬಂದವನು ಬೆಳೆದ ಮಗ. ಅವನೆದುರಿಗೆ ಆ ಮಾತನ್ನು ಆಡುವುದು ಹೇಗೆ? ಬೆನ್ನುನೋವೆಂದು ಹೇಳಿ, ನಾಲ್ಕು ಗುಳಿಗೆ ತೆಗೆದುಕೊಂಡು ಹಿಂತಿರುಗಿದರು. ದಸರೆಗೆ ಬಂದ ಮಗಳ ಬಳಿ ಬಾಯಿ ಬಿಡುವ ವೇಳೆಗೆ ರೋಗವು ಕಂಕುಳಿಗೆ ಇಳಿದಿದ್ದಿತು. ಮಾರನೆಯ ವರ್ಷದ ರಾಜ್ಯೋತ್ಸವಕ್ಕೆ ಅವರು ನಮ್ಮೊಡನೆ ಇರಲಿಲ್ಲ.

ಇದು ಒಬ್ಬರ ಕಥೆಯಲ್ಲ. ಮುಂಬಯಿಯ ಪರೇಲಿನಲ್ಲಿ 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯು ತೆರೆದಂದಿನಿಂದಲೂ, ತಡವಾಗಿ ಬರುವ ಹೆಂಗಸರನ್ನು ಕಂಡು ವೈದ್ಯರು ಮರುಗುತ್ತಲೇ ಬಂದಿದ್ದಾರೆ. ರೋಗಿಗಳ ಲೆಕ್ಕವನ್ನು ಕ್ರಮವಾಗಿ ಬರೆದಿಡುವ ಕಾರ್ಯವು 1963ರಲ್ಲಿ ಮುಂಬಯಿಯಲ್ಲಿ ಮೊದಲಾಯಿತು. ನಮ್ಮ ನಾಡಿಗೆ ಕರ್ನಾಟಕವೆಂದು ಹೆಸರಾದ 1973ರಲ್ಲಿಯೇ ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯು ಏರ್ಪಟ್ಟಿತು. 1980ರ ದಶಕದ ಆರಂಭದಲ್ಲಿ ಅಲ್ಲಿಯೂ ಇಂಥ ಲೆಕ್ಕ ತೊಡಗಿತು. ಕನ್ನಡದ ನುಡಿ ಕೇಳಿಬರುವ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ನೋಂದಣಿ ಪ್ರಾರಂಭವಾಯಿತು. ಈ ಲೆಕ್ಕಗಳು ಕಣ್ತೆರೆಸಿದವು. ಬೆಂಗಳೂರಿನ ಹೆಂಗಸರಲ್ಲಿ ಮೊದಲು ಗರ್ಭಕೊರಳಿನ ಕ್ಯಾನ್ಸರೇ ಮುಂದಿದ್ದಿತು. ಕ್ರಮೇಣ ಸ್ತನದ ಕ್ಯಾನ್ಸರು ಅದನ್ನು ಹಿಂದೆ ಹಾಕಿತು. 2022ರಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಈ ರೋಗವು ಹೊಸದಾಗಿ ತಗಲಿತೆಂದೂ, ಸುಮಾರು 98 ಸಾವಿರ ಮಂದಿ ಅದರಿಂದ ತೀರಿಕೊಂಡರೆಂದೂ ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ.

ಇನ್ನು ತಪಾಸಣೆಯ ವಿಷಯ. 1913ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೋಮನ್ ಎಂಬವರು, ಶಸ್ತ್ರಕ್ರಿಯೆಯಲ್ಲಿ ತೆಗೆದ ಸುಮಾರು 3,000 ಸ್ತನಗಳನ್ನು ಕ್ಷಕಿರಣದಿಂದ ಪರೀಕ್ಷಿಸಿ, ರೋಗದ ಗುರುತುಗಳು ಚಿತ್ರದಲ್ಲಿ ಕಾಣುವುವೆಂದು ತೋರಿಸಿದರು. ಮ್ಯಾಮೋಗ್ರಫಿಯ ಬೀಜ ಅಲ್ಲಿದೆ. ಅದು ಪ್ರಾಣವನ್ನು ಉಳಿಸೀತೆ ಎಂಬುದನ್ನು ಒರೆಗೆ ಹಚ್ಚಿದ್ದು 1963ರ ಡಿಸೆಂಬರಿನಲ್ಲಿ, ನ್ಯೂಯಾರ್ಕಿನಲ್ಲಿ. 40ರಿಂದ 64 ವಯಸ್ಸಿನ ಸುಮಾರು 62,000 ಹೆಂಗಸರನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ವರ್ಷಕ್ಕೊಮ್ಮೆ ಕ್ಷಕಿರಣದ ಚಿತ್ರ ಮತ್ತು ಕೈಯ ಪರೀಕ್ಷೆಗಳನ್ನು ಏರ್ಪಡಿಸಿದರು. ವರ್ಷಗಳ ತರುವಾಯ ನೋಡಲಾಗಿ, ಆ ಪಂಗಡದಲ್ಲಿ ಈ ರೋಗದ ಮರಣಗಳು ಕಾಲು ಪಾಲಿನಷ್ಟು ಕಡಮೆಯಾಗಿದ್ದವು.

ಆದರೆ ಅಷ್ಟು ಯಂತ್ರಗಳೂ ಅಷ್ಟು ಹಣವೂ ನಮ್ಮ ದೇಶಕ್ಕೆ ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಿದವರು ನಮಗೆ ಹತ್ತಿರದ ಮುಂಬಯಿಯವರೆ. ಟಾಟಾ ಸ್ಮಾರಕದ ಡಾಕ್ಟರ್ ಇಂದ್ರನೀಲ್ ಮಿತ್ರ ಮತ್ತು ಸಂಗಡಿಗರು 1998ರಲ್ಲಿ ಮುಂಬಯಿಯ ಬಡ ಬಸ್ತಿಗಳಲ್ಲಿ 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಕೂಡಿಸಿಕೊಂಡು ಕಾರ್ಯಕ್ಕೆ ತೊಡಗಿದರು. ಪರೀಕ್ಷಿಸಿದವರು ದೊಡ್ಡ ವೈದ್ಯರಲ್ಲ. ಹತ್ತನೆಯ ತರಗತಿಯವರೆಗೆ ಓದಿ, ಇದಕ್ಕಾಗಿಯೇ ತರಬೇತಿ ಪಡೆದ ಹೆಣ್ಣುಮಕ್ಕಳು. ಅವರ ಸಾಧನ ಬರಿಯ ಬೆರಳುಗಳು. ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸುತ್ತು ಪರೀಕ್ಷೆ ನಡೆಯಿತು. ಇಪ್ಪತ್ತು ವರ್ಷಗಳ ಫಲವು 2021ರಲ್ಲಿ ಪ್ರಕಟವಾಯಿತು. ಪರೀಕ್ಷೆ ಆಗದವರಲ್ಲಿ ರೋಗವು ಬಲಿತ ಮೇಲೆ ಗೊತ್ತಾದವರು ನೂರಕ್ಕೆ 47. ಪರೀಕ್ಷೆ ಆದವರಲ್ಲಿ 37. ಐವತ್ತು ದಾಟಿದವರಲ್ಲಿ ಈ ರೋಗದ ಮರಣಗಳು ನೂರಕ್ಕೆ 30ರ ಹತ್ತಿರ ತಗ್ಗಿದ್ದವು. ಐವತ್ತರೊಳಗಿನವರಲ್ಲಿ ಮರಣವು ಹಾಗೆ ತಗ್ಗಿದುದು ಕಾಣಲಿಲ್ಲವೆಂಬುದನ್ನೂ ನಾವು ಮುಚ್ಚಿಡಬಾರದು. ತಪಾಸಣೆಯು ಮಂತ್ರವಲ್ಲ, ಆದರೂ ಅನೇಕ ತಾಯಂದಿರನ್ನು ಅದು ಮನೆಗೆ ಉಳಿಸಿಕೊಟ್ಟಿದೆ.

2016ರಲ್ಲಿ ಭಾರತ ಸರ್ಕಾರವು ಹೊರಡಿಸಿದ ಮಾರ್ಗಸೂಚಿಯು 30ರಿಂದ 65 ವಯಸ್ಸಿನ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಇಂಥ ಕೈಯ ಪರೀಕ್ಷೆಯು ಆಗಬೇಕೆಂದು ವಿಧಿಸಿತು. ಆದಕಾರಣ ಹತ್ತಿರದ ಸರ್ಕಾರಿ ದವಾಖಾನೆಯಲ್ಲಿ ಇದನ್ನು ಕೇಳುವುದಕ್ಕೆ ಸಂಕೋಚ ಬೇಡ. ತಾಯಿಗೆ, ಅಕ್ಕತಂಗಿಯರಿಗೆ ಈ ರೋಗ ಬಂದಿದ್ದರೆ ಇನ್ನೂ ಮುಂಚೆಯೇ ವೈದ್ಯರನ್ನು ಕಾಣಬೇಕು. ಎದೆಯಲ್ಲಿ ಅಥವಾ ಕಂಕುಳಲ್ಲಿ ಗಂಟು, ಚರ್ಮ ಕುಗ್ಗಿ ಗುಳಿ ಬೀಳುವುದು, ತೊಟ್ಟು ಒಳಕ್ಕೆ ಸೇದುವುದು, ಅದರಿಂದ ರಕ್ತ ಒಸರುವುದು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ವರೆಗೆ, ಹಬ್ಬ ಮುಗಿಯುವ ವರೆಗೆ, ಮಗಳ ಮದುವೆ ಆಗುವ ವರೆಗೆ ಕಾಯಲಾಗದು. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೆಂಬುದೂ ನೆನಪಿರಲಿ. ಯಾವುದು ಹೌದು, ಯಾವುದು ಅಲ್ಲ ಎಂಬುದನ್ನು ಚಿತ್ರ ತೆಗೆದು, ಸೂಜಿಯಿಂದ ಚೂರು ತೆಗೆದು ನೋಡಿ ವೈದ್ಯರು ಹೇಳಬೇಕೇ ಹೊರತು, ನಮ್ಮ ಅಂಜಿಕೆ ಹೇಳಬಾರದು.

ಆ ತಾಯಿಗೆ ದವಾಖಾನೆ ದೂರವಿರಲಿಲ್ಲ. ಅವರಿಗೆ ಇಲ್ಲದೆ ಹೋದುದು ಜೊತೆಗೊಬ್ಬ ಹೆಂಗಸು ಮಾತ್ರ. ಮರಾಠಿಯಲ್ಲಿ ಗಂಟಿಗೆ 'ಗಾಠ' ಎನ್ನುತ್ತಾರೆ. ಎರಡು ಮಾತುಗಳೂ ಅಕ್ಕತಂಗಿಯರಂತಿವೆ. ಅಷ್ಟು ಸಮೀಪದ ಮಾತು ಒಂದು ಜೀವಕ್ಕೆ ದಾಟಲಾರದ ಹೊಳೆಯಾಯಿತಲ್ಲ ಎಂಬ ಕೊರಗು ನಮ್ಮದು. ಮರಾಠಿ ಬಲ್ಲ ನಮ್ಮ ಸೋದರಿಯರು ಬಾರದ ಒಬ್ಬೊಬ್ಬರನ್ನು ಕರೆದುಕೊಂಡು, ವರ್ಷದಲ್ಲಿ ಒಂದು ದಿನ ದವಾಖಾನೆಯ ಬಾಗಿಲ ವರೆಗೆ ಹೋಗಿ ಬರಲಿ. ಊರು ಬಿಟ್ಟು ಬಂದವರಿಗೆ ಸಂಘವೇ ತವರು. ತವರಿನವರು ಮಾಡಬೇಕಾದ ಕೆಲಸವನ್ನೇ ನಾವು ಬೇಡುತ್ತಿದ್ದೇವೆ.