ಗರ್ಭಕಂಠದ ಕ್ಯಾನ್ಸರ್: ಮುಂಬಯಿಯ ಚರಿತ್ರೆ

ಗರ್ಭಕೋಶದ ಕೆಳತುದಿ ಯೋನಿಯನ್ನು ಕೂಡುವ ಕಿರಿದಾದ ಭಾಗದಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಬಹುತೇಕ ಎಲ್ಲ ಪ್ರಕರಣಗಳ ಮೂಲದಲ್ಲೂ ಇರುವುದು ಹ್ಯೂಮನ್ ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ). ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ತೀರ ಸಾಮಾನ್ಯವಾದದ್ದು. ಒಬ್ಬನೇ ಸಂಗಾತಿಯೊಡನೆ ಬಾಳಿದ ಹೆಣ್ಣಿಗೂ ಅದು ತಗಲಬಹುದು, ಹೀಗಾಗಿ ರೋಗಿಯ ನಡತೆಗೆ ಕಳಂಕ ಹಚ್ಚಲು ಯಾವ ಆಧಾರವೂ ಇಲ್ಲ. ಹೆಚ್ಚಿನವರಲ್ಲಿ ಸೋಂಕು ಒಂದೆರಡು ವರ್ಷಗಳಲ್ಲಿ ತಾನಾಗಿ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು, ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರ್ ಆಗಿ ಬೆಳೆಯುತ್ತದೆ. ಇಷ್ಟು ದೀರ್ಘ ಕಾಲಾವಕಾಶ ಕೊಡುವ ರೋಗದಿಂದ ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 80,000 ಹೆಂಗಸರು ಸತ್ತರೆಂಬುದು ಜಾಗತಿಕ ಕ್ಯಾನ್ಸರ್ ಅಂದಾಜು.

ಈ ರೋಗದ ಭಾರತೀಯ ಚರಿತ್ರೆಯ ದೊಡ್ಡ ಭಾಗ ಮುಂಬಯಿಯ ಪರೇಲಿನಲ್ಲಿ ನಡೆದಿದೆ. ಸರ್ ದೊರಾಬ್ಜಿ ಟಾಟಾ ಟ್ರಸ್ಟ್ ಕಟ್ಟಿಸಿದ ಟಾಟಾ ಸ್ಮಾರಕ ಆಸ್ಪತ್ರೆ 1941ರ ಫೆಬ್ರವರಿ 28ರಂದು ಅಲ್ಲಿ ಬಾಗಿಲು ತೆರೆಯಿತು. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರದ ಸೀಮೆಗಳು ಆಗ ಮುಂಬಯಿ ಪ್ರಾಂತದೊಳಗೇ ಇದ್ದವು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಅಲ್ಲಿಯವರೆಗೆ ಉತ್ತರ ಕರ್ನಾಟಕದವರ ಪಾಲಿಗೆ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯೆಂದರೆ ಪರೇಲಿನದೇ. ಇಂದಿಗೂ ಆ ಕಡೆಯ ಅನೇಕ ಕುಟುಂಬಗಳು ರೈಲು ಹತ್ತಿ ಅಲ್ಲಿಗೇ ಹೋಗುತ್ತವೆ.

ಆ ಆಸ್ಪತ್ರೆಯ ರೋಗವಿಜ್ಞಾನಿ ವಿ. ಆರ್. ಖಾನೋಲ್ಕರ್ ಯಾವ ಸಮುದಾಯದಲ್ಲಿ ಯಾವ ಕ್ಯಾನ್ಸರ್ ಹೆಚ್ಚೆಂದು ದಾಖಲೆಗಳಿಂದ ಹುಡುಕಿದವರು. ಪಾರ್ಸಿ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು, ಗರ್ಭಕಂಠದ್ದು ಕಡಿಮೆ. ಹಿಂದೂ ಹೆಂಗಸರಲ್ಲಿ ಗರ್ಭಕಂಠದ್ದು ಹೆಚ್ಚು. ಆದರೆ ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ ಊರಿನ ನಿಜಸ್ಥಿತಿ ತಿಳಿಯದು. ಆ ಕೊರತೆ ತುಂಬಿದ್ದು 1963ರಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿ ಆರಂಭಿಸಿದ ಮುಂಬಯಿ ಕ್ಯಾನ್ಸರ್ ನೋಂದಣಿ. ಜನಸಂಖ್ಯೆಯನ್ನು ಆಧರಿಸಿದ ದೇಶದ ಮೊದಲ ನೋಂದಣಿ ಅದು, ಅದರ ಹಿಂದಿದ್ದವರು ಡಾ. ಡಿ. ಜೆ. ಜುಸಾವಾಲಾ. 1980ರ ದಶಕದಲ್ಲಿ ಬೆಂಗಳೂರಿನ ನೋಂದಣಿಯಲ್ಲಿ ಹೆಂಗಸರ ಕ್ಯಾನ್ಸರುಗಳ ಪೈಕಿ ಗರ್ಭಕಂಠದ್ದೇ ಮೊದಲಿದ್ದಾಗ, ಮುಂಬಯಿಯಲ್ಲಿ ಆ ಸ್ಥಾನ ಆಗಲೇ ಸ್ತನ ಕ್ಯಾನ್ಸರಿನದಾಗಿತ್ತು. 1976ರಿಂದ 2005ರವರೆಗೆ ನಗರದಲ್ಲಿ ಗರ್ಭಕಂಠದ ಕ್ಯಾನ್ಸರಿನ ಪ್ರಮಾಣ ವರ್ಷಕ್ಕೆ ಸರಾಸರಿ ಶೇ 1.8ರಷ್ಟು ಇಳಿಯಿತು. ಊರಿಗೆಲ್ಲ ತಪಾಸಣೆ ಮಾಡಿದ್ದರ ಫಲ ಇದಲ್ಲ, ಅಂಥ ವ್ಯವಸ್ಥೆಯೇ ಇರಲಿಲ್ಲ. ತಡವಾದ ಮದುವೆ, ಕಡಿಮೆ ಹೆರಿಗೆ, ಓದು, ಬದಲಾದ ಬದುಕು ಇದಕ್ಕೆ ಕಾರಣವೆಂದು ತಿಳಿದವರ ಎಣಿಕೆ.

ವೈರಸ್ಸಿನ ಪಾತ್ರ ಖಚಿತವಾದದ್ದು ಜರ್ಮನಿಯಲ್ಲಿ. ಹರಾಲ್ಡ್ ಜುರ್ ಹೌಸನ್ ತಂಡ 1983ರಲ್ಲಿ ಎಚ್‌ಪಿವಿ 16 ಮತ್ತು ಮರುವರ್ಷ ಎಚ್‌ಪಿವಿ 18 ಎಂಬ ಬಗೆಗಳನ್ನು ಗರ್ಭಕಂಠದ ಗಡ್ಡೆಗಳಲ್ಲಿ ಕಂಡಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು. ತಪಾಸಣೆಯಾದರೋ ಅದಕ್ಕಿಂತ ಹಳೆಯದು. ಗ್ರೀಸ್ ಮೂಲದ ಪ್ಯಾಪನಿಕೊಲಾವ್ ಹೆಸರಿನ ಪ್ಯಾಪ್ ಪರೀಕ್ಷೆ ಶ್ರೀಮಂತ ದೇಶಗಳಲ್ಲಿ ಸಾವುಗಳನ್ನು ಬಹಳವಾಗಿ ಇಳಿಸಿತ್ತು. ಅದಕ್ಕೆ ಪ್ರಯೋಗಾಲಯ ಬೇಕು, ಜೀವಕೋಶ ಓದಬಲ್ಲ ತಜ್ಞರು ಬೇಕು, ವರದಿ ಬಂದ ಮೇಲೆ ಹೆಂಗಸನ್ನು ಮತ್ತೆ ಕರೆಸಬೇಕು. ದಿನಗೂಲಿ ಬಿಟ್ಟು ಎರಡನೆಯ ಸಲ ಬರುವುದು ಎಷ್ಟು ಜನಕ್ಕೆ ಸಾಧ್ಯ?

ಈ ಪ್ರಶ್ನೆಗೆ ಮುಂಬಯಿಯ ಝೋಪಡಪಟ್ಟಿಗಳಲ್ಲೇ ಉತ್ತರ ಹುಡುಕಿದ್ದು ಟಾಟಾ ಸ್ಮಾರಕ ಕೇಂದ್ರದ ಡಾ. ಸುರೇಂದ್ರ ಶಾಸ್ತ್ರಿ ಅವರ ತಂಡ. 1998ರಲ್ಲಿ ಶುರುವಾದ ಈ ಪ್ರಯೋಗದಲ್ಲಿ 20 ಬಸ್ತಿ ಗುಂಪುಗಳ 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಹೆಂಗಸರಿದ್ದರು. ವಿಧಾನ ಸರಳ. ಗರ್ಭಕಂಠಕ್ಕೆ ತೆಳು ವಿನೆಗರ್, ಅಂದರೆ ಅಸಿಟಿಕ್ ಆಮ್ಲ, ಹಚ್ಚಿ ಒಂದು ನಿಮಿಷ ಕಾದರೆ ಅಸಹಜ ಭಾಗ ಬೆಳ್ಳಗಾಗುತ್ತದೆ. ಒಳ್ಳೆಯ ಬೆಳಕಿನಲ್ಲಿ ಬರಿಗಣ್ಣಿಗೇ ಕಾಣುತ್ತದೆ. ನೋಡುವವರು ವೈದ್ಯರಲ್ಲ, ಹತ್ತನೆಯ ತರಗತಿಯವರೆಗೆ ಓದಿ ಕೆಲವು ವಾರ ತರಬೇತಿ ಪಡೆದ ಮಹಿಳೆಯರು. ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸುತ್ತು ತಪಾಸಣೆ ನಡೆಯಿತು. ಕರೆದವರಲ್ಲಿ ಶೇ 89 ಮಂದಿ ಬಂದರು. ನಮ್ಮ ಹೆಂಗಸರು ಇಂಥ ತಪಾಸಣೆಗೆ ಒಪ್ಪುವುದಿಲ್ಲ ಎಂಬ ಮಾತನ್ನು ಈ ಒಂದು ಅಂಕಿ ಸುಳ್ಳು ಮಾಡುತ್ತದೆ. ಮನೆಯ ಹತ್ತಿರವೇ ಏರ್ಪಾಡು ಮಾಡಿ, ಗೌರವದಿಂದ ಕರೆದರೆ ಬರುತ್ತಾರೆ. 2013ರ ಜೂನ್‌ನಲ್ಲಿ ಶಿಕಾಗೋದ ಕ್ಯಾನ್ಸರ್ ತಜ್ಞರ ಸಮ್ಮೇಳನದಲ್ಲಿ ಫಲಿತಾಂಶ ಹೊರಬಿತ್ತು: ತಪಾಸಣೆಗೊಳಗಾದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದಾದ ಸಾವು ಶೇ 31ರಷ್ಟು ಕಡಿಮೆ. ದೇಶವ್ಯಾಪಿ ಮಾಡಿದರೆ ವರ್ಷಕ್ಕೆ 22,000 ಜೀವ ಉಳಿಯಬಹುದೆಂದು ತಂಡ ಲೆಕ್ಕ ಹಾಕಿತು.

ಇದೇ ಪ್ರಯೋಗದ ಮೇಲೆ ಗಂಭೀರ ಆಕ್ಷೇಪವೂ ಬಂತು. ಅರ್ಧದಷ್ಟು ಹೆಂಗಸರಿಗೆ ಆರೋಗ್ಯ ಶಿಕ್ಷಣ ಮಾತ್ರ ಸಿಕ್ಕಿತ್ತು, ತಪಾಸಣೆ ಇರಲಿಲ್ಲ. ಪ್ಯಾಪ್ ಪರೀಕ್ಷೆ ಉಪಯುಕ್ತವೆಂದು ತಿಳಿದೂ ಇಷ್ಟು ವರ್ಷ ಅವರನ್ನು ಹಾಗೆಯೇ ಬಿಟ್ಟದ್ದು ಸರಿಯೇ ಎಂದು ವಿಮರ್ಶಕರು ಕೇಳಿದರು. ದೇಶದಲ್ಲಿ ಆಗ ವ್ಯವಸ್ಥಿತ ತಪಾಸಣೆಯೇ ಇರಲಿಲ್ಲ, ಅದೇ ಇಲ್ಲಿನ ವಾಡಿಕೆ ಎಂಬುದು ಸಂಶೋಧಕರ ಉತ್ತರ. ಮಾತು ನಿಜ. ಆದರೂ ಬಡವರ ನಿತ್ಯದ ಕೊರತೆಯೇ ಪ್ರಯೋಗಕ್ಕೆ ಸಮರ್ಥನೆಯಾಯಿತೆಂಬ ಕಸಿವಿಸಿ ಆ ಉತ್ತರದಿಂದ ತೀರುವುದಿಲ್ಲ.

ಕರ್ನಾಟಕದ ಗಡಿಗೆ ತಾಗಿದ, ಆಗ ಉಸ್ಮಾನಾಬಾದ್ ಎನಿಸಿದ್ದ ಜಿಲ್ಲೆಯಲ್ಲಿ ಟಾಟಾ ಕೇಂದ್ರ ಮತ್ತು ಬಾರ್ಶಿಯ ನರ್ಗಿಸ್ ದತ್ ಆಸ್ಪತ್ರೆ ಜೊತೆಗೂಡಿ ನಡೆಸಿದ ಇನ್ನೊಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದೇ ಸಲದ ಎಚ್‌ಪಿವಿ ಪರೀಕ್ಷೆ ಸಾವುಗಳನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿತ್ತು. ಚಿಕಿತ್ಸೆಯಲ್ಲೂ ಪರೇಲಿನ ಕೊಡುಗೆಯಿದೆ. ರೋಗ ಬಲಿತ ಮೂರನೆಯ ಹಂತದ 850 ಹೆಂಗಸರ ಅಧ್ಯಯನ, ಜನ ಕರೆಂಟ್ ಎನ್ನುವ ವಿಕಿರಣದ ಜೊತೆ ಸಿಸ್‌ಪ್ಲಾಟಿನ್ ಔಷಧಿ ಕೊಟ್ಟರೆ ಐದು ವರ್ಷ ಬದುಕುಳಿಯುವವರ ಪ್ರಮಾಣ ಶೇ 46ರಿಂದ 54ಕ್ಕೇರುತ್ತದೆಂದು 2018ರಲ್ಲಿ ತೋರಿಸಿತು.

ಈ ವೈರಸ್ಸನ್ನು ತಡೆಯುವ ಲಸಿಕೆಯ ಕಥೆಗೆ ಅನಿರೀಕ್ಷಿತ ತಿರುವಿದೆ. ಎರಡು ಡೋಸ್ ಸಾಕೇ, ಮೂರು ಬೇಕೇ ಎಂದು ತಿಳಿಯಲು 2009ರಲ್ಲಿ ಮುಂಬಯಿ ಸೇರಿ ಹಲವು ಕೇಂದ್ರಗಳಲ್ಲಿ 10ರಿಂದ 18 ವಯಸ್ಸಿನ ಹುಡುಗಿಯರಿಗೆ ಲಸಿಕೆ ಹಾಕತೊಡಗಿದರು. ಅಷ್ಟರಲ್ಲಿ ಖಮ್ಮಂ ಮತ್ತು ವಡೋದರಾದ ಬೇರೊಂದು ಲಸಿಕಾ ಯೋಜನೆಯಲ್ಲಿ ಹುಡುಗಿಯರ ಸಾವು ಮತ್ತು ಒಪ್ಪಿಗೆಯ ಲೋಪದ ಬಗ್ಗೆ ವಿವಾದವೆದ್ದಿತು. ಆ ಸಾವುಗಳಿಗೆ ಲಸಿಕೆಯೇ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ, ಒಪ್ಪಿಗೆ ಪಡೆದ ರೀತಿಯ ದೋಷಗಳು ಮಾತ್ರ ನಿಜವಾಗಿದ್ದವು. 2010ರ ಏಪ್ರಿಲ್‌ನಲ್ಲಿ ಸರ್ಕಾರ ಎಲ್ಲ ಎಚ್‌ಪಿವಿ ಲಸಿಕಾ ಅಧ್ಯಯನಗಳಲ್ಲೂ ಲಸಿಕೆ ಹಾಕುವುದನ್ನು ನಿಲ್ಲಿಸಿತು. ಹಾಗಾಗಿ ಸುಮಾರು 4,950 ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತು. ಸಂಶೋಧಕರು ಅವರನ್ನು ಕೈಬಿಡದೆ ವರ್ಷಗಟ್ಟಲೆ ಗಮನಿಸಿದರು. ಒಂದು ಡೋಸ್ ಕೂಡ ವೈರಸ್ಸಿನ 16 ಮತ್ತು 18ನೇ ಬಗೆಗಳ ದೀರ್ಘ ಸೋಂಕನ್ನು ಶೇ 95ರಷ್ಟು ತಡೆಯುತ್ತದೆಂದು 2021ರಲ್ಲಿ ಪ್ರಕಟವಾಯಿತು. 2022ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಡೋಸಿಗೂ ಒಪ್ಪಿಗೆ ಕೊಟ್ಟಾಗ ಆಧಾರವಾದ ಸಾಕ್ಷ್ಯಗಳಲ್ಲಿ ಇದೂ ಒಂದು. ಅದೇ ವರ್ಷ ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆಗೂ ಅನುಮತಿ ಸಿಕ್ಕಿತು.

ಲಸಿಕೆ ಈಗಾಗಲೇ ನೆಲೆಸಿದ ಸೋಂಕನ್ನು ಕಳೆಯದು. ಮೂವತ್ತು ದಾಟಿದವರಿಗೆ ತಪಾಸಣೆಯೇ ದಾರಿ. ಐದು ವರ್ಷಕ್ಕೊಮ್ಮೆ ವಿನೆಗರ್ ಪರೀಕ್ಷೆ ಮಾಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ಶೇ 1.9 ಮಾತ್ರ.