ಕಂಕನಾಡಿಯ ಬಡವರ ಔಷಧಶಾಲೆ

ಮಂಗಳೂರಿನಲ್ಲಿ ಜರ್ಮನರ ಮಾತೆತ್ತಿದರೆ ನಮಗೆ ಒಡನೆಯೇ ನೆನಪಾಗುವುವು ಎರಡು ವಸ್ತುಗಳು: ಬಾಸೆಲ್ ಮಿಷನ್ನಿನ ಹಂಚು, ಕಿಟ್ಟೆಲ್ ಪಂಡಿತರ ನಿಘಂಟು. ಮೂರನೆಯದೂ ಒಂದುಂಟು. ಅದು ಸಣ್ಣ ಸೀಸೆಯೊಳಗಣ ಬಿಳಿಯ ಗುಳಿಗೆ. ಅದನ್ನು ಈ ಊರಿನಲ್ಲಿ ಬಡವರಿಗೆ ಹಂಚಿದ ಫಾದರ್ ಅಗಸ್ಟಸ್ ಮುಲ್ಲರರ ಚರಿತ್ರೆಯನ್ನು ನಾವು ಇಂದು ವಿಚಾರಿಸೋಣ.

ಮುಲ್ಲರರು ಜರ್ಮನಿಯಲ್ಲಿ ಹುಟ್ಟಿದುದು ೧೮೪೧ನೆಯ ಇಸವಿಯಲ್ಲಿ. ಯೇಸುಸಭೆಯನ್ನು ಸೇರಿದ ಅವರು ೧೮೭೮ರ ದಶಂಬರ ೩೧ರಂದು, ಅದೇ ಸಭೆಯ ಇತರ ಪಾದ್ರಿಗಳೊಡನೆ, ಮಂಗಳೂರಿಗೆ ಬಂದಿಳಿದರು. ೧೮೮೦ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದಾಗ ಅವರಿಗೆ ದೊರೆತುದು ಉಪಾಧ್ಯಾಯ ವೃತ್ತಿ. ಅವರ ಪೆಟ್ಟಿಗೆಯಲ್ಲಿ ಹೋಮಿಯೋಪತಿಯ ಔಷಧಗಳೂ ಇದ್ದುವು. ಮೊದಲು ವಿದ್ಯಾರ್ಥಿಗಳಿಗೆ, ಬಳಿಕ ನೆರೆಹೊರೆಯವರಿಗೆ, ಕೊನೆಗೆ ಕಂಕನಾಡಿಯ ಆಲದ ಮರದ ನೆರಳಿಗೆ ಬಂದ ಬಡವರೆಲ್ಲರಿಗೂ ಅವರು ಮದ್ದು ಕೊಡತೊಡಗಿದರು. ಅದೇ ವರ್ಷ ಹೋಮಿಯೋಪತಿಯ ಬಡವರ ಔಷಧಶಾಲೆ ಸ್ಥಾಪಿತವಾಯಿತು.

ಈ ವೈದ್ಯಪದ್ಧತಿಯೂ ಜರ್ಮನಿಯಿಂದಲೇ ಬಂದುದು. ೧೭೫೫ರಲ್ಲಿ ಜನಿಸಿದ ಹಾನೆಮನ್ ಎಂಬ ವೈದ್ಯನು, ಯಾವ ದ್ರವ್ಯವು ಆರೋಗ್ಯವಂತನಲ್ಲಿ ರೋಗಲಕ್ಷಣವನ್ನು ತೋರಿಸುವುದೋ ಅದೇ ದ್ರವ್ಯವು ಅಲ್ಪಪ್ರಮಾಣದಲ್ಲಿ ಆ ಲಕ್ಷಣವುಳ್ಳ ರೋಗವನ್ನು ನೀಗುವುದೆಂದು ವಾದಿಸಿದನು. ಮೂಲದ್ರವ್ಯದ ಒಂದು ತೊಟ್ಟಿಗೆ ತೊಂಬತ್ತೊಂಬತ್ತು ತೊಟ್ಟು ಮದ್ಯಸಾರ. ಆ ಮಿಶ್ರಣದ ಒಂದು ತೊಟ್ಟಿಗೆ ಮತ್ತೆ ಅಷ್ಟೇ. ಹೀಗೆ ತೆಳುವಾಗುತ್ತ ಹೋಗುವ ಮದ್ದಿನಲ್ಲಿ ಗುಣವೇನು ಉಳಿದೀತೆಂದು ವಿಜ್ಞಾನಿಗಳು ಅಂದಿನಿಂದಲೂ ಪ್ರಶ್ನಿಸುತ್ತ ಬಂದಿದ್ದಾರೆ. ಆ ಪ್ರಶ್ನೆಗೆ ಒಪ್ಪತಕ್ಕ ಉತ್ತರ ಇನ್ನೂ ದೊರೆತಿಲ್ಲವೆಂದು ನಾವು ಮರೆಮಾಚದೆ ಹೇಳಬೇಕು.

ಆದರೆ ಚರಿತ್ರೆಯನ್ನು ಓದುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಈ ಮದ್ದು ಅಗ್ಗವಾದುದು, ಹಗುರವಾದುದು, ಬೇಗ ಕೆಡದು. ಮಂಗಳೂರಿಗೆ ರೈಲು ಬಂದುದು ೧೯೦೭ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಕಂಕನಾಡಿಯ ಪೊಟ್ಟಣಗಳು ಅಂಚೆಯ ಮೂಲಕ ದೂರದ ಊರುಗಳನ್ನು ಮುಟ್ಟುತ್ತಿದ್ದುವು. ಉಳ್ಳವರು ಹಣ ತೆತ್ತು ಕೊಂಡರು. ಆ ಹಣ ಇಲ್ಲದವರ ಶುಶ್ರೂಷೆಗೆ ಸಂದಿತು. ಅಂಗಡಿ ಮತ್ತು ಧರ್ಮಛತ್ರ ಇವೆರಡೂ ಒಂದೇ ಸೂರಿನ ಕೆಳಗೆ ನಡೆದುವು.

ಆ ಹಣದ ಅತ್ಯುತ್ತಮ ವಿನಿಯೋಗವಾವುದೆಂದು ನಮ್ಮನ್ನು ಕೇಳಿದರೆ, ನಾವು ೧೮೯೦ರಲ್ಲಿ ತೆರೆದ ಕುಷ್ಠರೋಗಿಗಳ ಆಶ್ರಯವನ್ನು ತೋರಿಸುತ್ತೇವೆ. ನಾರ್ವೆ ದೇಶದ ಹಾನ್ಸೆನ್ನನು ಈ ರೋಗದ ಕ್ರಿಮಿಯನ್ನು ೧೮೭೩ರಲ್ಲಿಯೇ ಕಂಡುಹಿಡಿದಿದ್ದನು. ಆದರೆ ಅದನ್ನು ನಿಜವಾಗಿ ಅಡಗಿಸುವ ಔಷಧ ಲೋಕಕ್ಕೆ ದೊರೆತುದು ೧೯೪೦ರ ದಶಕದಲ್ಲಿ. ನಡುವಣ ಆ ದೀರ್ಘಕಾಲದಲ್ಲಿ ರೋಗಿಗೆ ಮದ್ದಿಗಿಂತ ಮೊದಲು ಬೇಕಾದುದು ಮಲಗಲು ಒಂದು ಮಾಡು, ವ್ರಣವನ್ನು ತೊಳೆಯುವ ಒಂದು ಕೈ, ಹೊತ್ತಿಗೆ ಒಂದು ಬಟ್ಟಲು ಗಂಜಿ. ಮನೆಯವರೂ ಮುಟ್ಟಲು ಹಿಂಜರಿಯುತ್ತಿದ್ದ ಕಾಲದಲ್ಲಿ ಅವನ್ನು ಒದಗಿಸಿದುದು ಈ ಆಶ್ರಯ. ೧೮೯೫ರಲ್ಲಿ ಸಾಮಾನ್ಯ ಆಸ್ಪತ್ರೆಯೂ, ಪ್ಲೇಗು ತಲೆದೋರಿದ ೧೯೦೨ರಲ್ಲಿ ಆ ರೋಗಿಗಳಿಗೆ ಬೇರೊಂದು ಆಸ್ಪತ್ರೆಯೂ ಕಂಕನಾಡಿಯಲ್ಲಿ ಎದ್ದುವು.

ಮುಲ್ಲರರು ೧೯೧೦ರ ನವಂಬರ ಒಂದರಂದು ತೀರಿಕೊಂಡರು. ಅವರ ಹೆಸರಿನ ಆಸ್ಪತ್ರೆ ಇಂದು ವೈದ್ಯಕೀಯ ಮಹಾವಿದ್ಯಾಲಯವಾಗಿ ಬೆಳೆದಿದೆ. ಅಲ್ಲಿ ಈಗ ಆಧುನಿಕ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಹೋಮಿಯೋಪತಿಯ ಕಾಲೇಜೂ ಔಷಧ ತಯಾರಿಕೆಯೂ ದೇರಳಕಟ್ಟೆಯಲ್ಲಿವೆ. ವೈದ್ಯಪದ್ಧತಿಗಳು ಬಂದು ಹೋಗಬಹುದು, ಅವುಗಳ ವಾದ ವಿದ್ವಾಂಸರಿಗಿರಲಿ. ಯಾರಿಗೂ ಬೇಡವಾದವನಿಗೆ ಬಾಗಿಲು ತೆರೆದುದು ಸರಿಯೋ ತಪ್ಪೋ ಎಂದು ಮಾತ್ರ ಯಾವ ಪಂಡಿತರೂ ವಾದಿಸಲಾರರು. ಕಂಕನಾಡಿಯ ದಾರಿಯಲ್ಲಿ ಹೋಗುವಾಗ ನಾವು ಇಷ್ಟನ್ನು ನೆನೆದರೆ ಸಾಕು.